ಚರ್ಚ್ ಗುಡ್ಡದ ಚಪ್ಪಾಳೆ

ಬಟ್ಟೆ ಒಗೆಯುವ ಮೆಷಿನ್ನಿನಿಂದ ನನ್ನ ಸೈಕಲ್ ಅಂಗಿಯನ್ನು ಎಳೆಯುತ್ತಿದ್ದೆ. ಅದು ನನ್ನ ಗಂಡ ಡೇಲ್‌ನ ಕೆಲಸದ ಪ್ಯಾಂಟಿನ ಕಾಲಿಗೆ ಹುರಿಗಟ್ಟಿದ ಹಾಗೆ ಸುತ್ತಿಕೊಂಡಿತ್ತು. ಬಿಡಿಸಲು ಎರಡೂ ಕೈ ಹಾಕಿದ್ದೆ. ಆಗ ನೆಲಮಾಳಿಗೆಯ ಮೆಟ್ಟಿಲ ಮೇಲಿನಿಂದ ಮಾರಿಟ್‌ಳ ದನಿ ಬಂತು.

"ಅಮ್ಮಾ, ನಾನು ಬರಲ್ಲ."

"ಎಲ್ಲಿಗೆ?" ಎಂದೆ, ಗೊತ್ತಿದ್ದೂ.

"ಇವತ್ತಿನ ಸವಾರಿಗೆ. ನೀನೊಬ್ಳೇ ಹೋಗು."

ತಲೆ ಎತ್ತಿ ನೋಡಿದೆ. ಮಲಗುವ ಅಂಗಿಯಲ್ಲೇ ಇದ್ದಳು. ಒಂದು ಕಾಲಿಗೆ ಮಾತ್ರ ಕಾಲುಚೀಲ. ಹೇಳಬೇಕಾದ್ದನ್ನು ಹೇಳಿ ಮುಗಿಸಿದೆ ಎಂಬಂತೆ ಮೆಟ್ಟಿಲ ಮೇಲೆ ಕೂತಳು, ಆದರೆ ಎದ್ದು ಹೋಗಲಿಲ್ಲ.

ನಮ್ಮ ಸೈಕಲ್ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿದೆ. ಹತ್ತು ತುಂಬಿದ ಮಕ್ಕಳು ಸೆಪ್ಟೆಂಬರಿನ ಕೊನೆಯ ಸವಾರಿಗೆ ಅಪ್ಪನ ಜೊತೆಯೋ ಅಮ್ಮನ ಜೊತೆಯೋ ಸೈಕಲ್ ತರಬಹುದು. ಮಾರಿಟ್‌ಗೆ ಜುಲೈಯಲ್ಲಿ ಹತ್ತಾಯಿತು. ಅದಕ್ಕೂ ಮೊದಲೇ ಅವಳು ಕೊಟ್ಟಿಗೆಯ ಮುಂದಿನ ಇಳಿಜಾರಿನಲ್ಲಿ ಹತ್ತಿ ಇಳಿದು, ಗೇರ್ ಬದಲಾಯಿಸುವಾಗ ಚೈನ್ ಬೀಳದ ಹಾಗೆ ಮಾಡುವುದನ್ನು ಕಲಿತಿದ್ದಳು. "ಚರ್ಚ್ ಗುಡ್ಡ ನಾವಿಬ್ರೂ ಒಟ್ಟಿಗೇ ಹತ್ತೋದು, ನೀನು ನನ್ನ ಬಿಟ್ಟು ಹೋಗಬಾರದು" ಎಂದು ನನ್ನಿಂದ ಭಾಷೆ ತೆಗೆದುಕೊಂಡಿದ್ದಳು. ನಾನು ಯಾರನ್ನಾದರೂ ಬಿಟ್ಟು ಮುಂದೆ ಹೋಗಬಹುದು ಎಂದು ನಂಬಿದ್ದ ಒಂದೇ ಜೀವ ಅದು. ಆ ಮಾತು ನನಗೆ ಎಷ್ಟು ಹಿತವಾಗಿತ್ತೆಂದರೆ, ಬೇಸಿಗೆಯ ಉದ್ದಕ್ಕೂ ಪಾತ್ರೆ ತೊಳೆಯುವಾಗಲೂ ಅದನ್ನೇ ನೆನೆಸಿಕೊಳ್ಳುತ್ತಿದ್ದೆ.

ಆಗಸ್ಟ್ ಮಧ್ಯದಲ್ಲಿ ಏನೋ ಆಯಿತು. ಒಂದು ಶನಿವಾರ ನನ್ನ ಸವಾರಿ ನೋಡಿಕೊಂಡು ಬಂದವಳೇ ತನ್ನ ಸೈಕಲನ್ನು ಕೊಟ್ಟಿಗೆಯ ಹಿಂದಿನ ಗೋಡೆಗೆ, ಹುಲ್ಲು ಕತ್ತರಿಸುವ ಯಂತ್ರದ ಹಿಂದಕ್ಕೆ ತಳ್ಳಿದಳು. ಆಮೇಲೆ ಮುಟ್ಟಲಿಲ್ಲ. ಅತ್ತೆಯ ಮನೆಯಲ್ಲಿ ಸೇಬಿನ ಪೈ ಮುಂದಿಟ್ಟರೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಅದು ಅವಳು ತುಂಬಾ ಇಷ್ಟಪಡುವ ತಿಂಡಿ. ನಾನು ಕೇಳಲಿಲ್ಲ. ಕೇಳಿದರೆ ಸಿಗುವ ಉತ್ತರ ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಐದನೇ ತರಗತಿಗೆ ಬಂದಿದ್ದಾಳೆ, ಕಣ್ಣು ತೆರೆದಿದೆ, ಅಮ್ಮ ಎಷ್ಟು ದಪ್ಪ ಎಂದು ಈಗ ಕಾಣುತ್ತಿದೆ. ಇಂಥವಳ ಪಕ್ಕದಲ್ಲಿ ಊರಿನವರ ಎದುರು ಸೈಕಲ್ ಹೊಡೆಯಲು ನಾಚಿಕೆ.

ನಾನು ಸೈಕಲ್ ಹತ್ತಿದ್ದು ಹೋದ ವರ್ಷದ ವಸಂತದಲ್ಲಿ. ಕಿವಿನೋವೆಂದು ಆಸ್ಪತ್ರೆಗೆ ಹೋದೆ. ಕಿವಿ ನೋಡುವುದಕ್ಕೆ ಮೊದಲು ತೂಕದ ಮೆಷಿನ್ ಹತ್ತಿಸಿದರು, ನೋಡಿದ ಮೇಲೆ ತೂಕದ ಬಗ್ಗೆ ಬುದ್ಧಿ ಹೇಳಿ ಕಳಿಸಿದರು. ಕಿವಿ ಹಾಗೇ ನೋಯುತ್ತಿತ್ತು. ಮಾರನೆಯ ದಿನ ಶಾಲೆಯ ಅಡುಗೆಮನೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಪೆಗ್‌ಗೆ ಇದನ್ನು ಹೇಳಿ ನಕ್ಕೆ. ಅವಳು ನಗಲಿಲ್ಲ. "ನಮ್ಮ ಕ್ಲಬ್ಬಿಗೆ ಬಾರೇ. ಯಾರನ್ನೂ ಹಿಂದೆ ಬಿಟ್ಟು ಹೋಗಲ್ಲ, ಅದೇ ನಮ್ಮ ನಿಯಮ" ಎಂದಳು. ಡೇಲ್ ಹಾಲಿನ ಟ್ಯಾಂಕರ್ ಓಡಿಸುತ್ತಾನೆ, ಶನಿವಾರವೂ ಹಸುಗಳಿಗೆ ರಜೆಯಿಲ್ಲ. ಮಾರಿಟ್‌ಳನ್ನು ಯಾರು ನೋಡಿಕೊಳ್ಳುವುದು ಎಂದೆ. ನೀರು, ಪಂಕ್ಚರ್ ಸಾಮಾನು ಹೊತ್ತು ಹಿಂದೆಮುಂದೆ ಓಡಾಡುವ ಆರ್ಲಿಸ್‌ಳ ಪಿಕಪ್ಪಿನಲ್ಲಿ ಕೂರಲಿ ಎಂದಳು. ಹಾಗೆ ಶುರುವಾಯಿತು.

ಮೊದಲ ತಿಂಗಳು ಹಿಂದಿನ ಗಾಲಿಯ ಕಡ್ಡಿಗಳು ಒಂದೊಂದೇ ಮುರಿದವು. ಅಂಗಡಿಯವನು ಇಬ್ಬರು ಕೂತು ತುಳಿಯುವ ಸೈಕಲ್ಲಿನ ಗಾಲಿ ಹಾಕಿಕೊಟ್ಟ. ತೊಡೆ ಉಜ್ಜಿ ಹುಣ್ಣಾದಾಗ ಹಸುವಿನ ಕೆಚ್ಚಲಿಗೆ ಹಚ್ಚುವ ಮುಲಾಮು ಹಚ್ಚಿಕೊಂಡೆ. ಕ್ಲಬ್ಬಿನ ನೀಲಿ ಅಂಗಿಯಲ್ಲಿ ಅತಿ ದೊಡ್ಡದೂ ನನ್ನ ಹೊಟ್ಟೆಯ ಮೇಲೆ ನಿಲ್ಲಲಿಲ್ಲ. ಎರಡು ಅಂಗಿ ಕೊಂಡೆ, ಒಂದನ್ನು ಕತ್ತರಿಸಿ ಇನ್ನೊಂದರ ಪಕ್ಕೆಗಳಿಗೆ ಪಟ್ಟಿ ಕೊಟ್ಟು ಹೊಲಿದೆ. ಈಗ ಮೆಷಿನ್ನಿನಿಂದ ಎಳೆಯುತ್ತಿದ್ದದ್ದು ಅದನ್ನೇ.

ಚರ್ಚ್ ಗುಡ್ಡ ನಮ್ಮ ದಾರಿಯ ಅರ್ಧದಲ್ಲಿ ಬರುತ್ತದೆ. ಮೇಲೆ ಹಳೆಯ ಲೂಥರನ್ ಚರ್ಚು, ಅದರ ಮುಂದೆ ಬೆಂಚುಗಳು. ಶನಿವಾರ ಬೆಳಿಗ್ಗೆ ಚರ್ಚಿನ ಹೆಂಗಸರು ಕೆಳಕೋಣೆಯಲ್ಲಿ ಕಾಫಿ, ಪೈ ಮಾರುತ್ತಾರೆ. ಉಳಿದವರೆಲ್ಲ ಹತ್ತಿ, ಬೆಂಚಿನ ಮೇಲೆ ಕೂತು, ಕಾಫಿ ಕುಡಿದು ನನಗಾಗಿ ಕಾಯುತ್ತಿದ್ದರು. ಅಂಚೆ ಡಬ್ಬಿಗಳ ಸಾಲಿನ ಪಕ್ಕದ ತಿರುವಿನಲ್ಲಿ ನನ್ನ ತಲೆ ಕಂಡ ಕೂಡಲೇ ಚಪ್ಪಾಳೆ ಏಳುತ್ತಿತ್ತು. ಶಿಳ್ಳೆ ಬೇರೆ. "ಬಂದ್ಲಪ್ಪಾ ಬಂದ್ಲು!" ಎಂದು ಕ್ಲಬ್ಬಿನ ಮುಂದಾಳು ಗಾರ್ಡಿ ಕೂಗುತ್ತಿದ್ದ. ನಾನು ಚರ್ಚಿನ ಅಂಗಳಕ್ಕೆ ಕಾಲಿಡುವ ಹೊತ್ತಿಗೆ ಎಲ್ಲರೂ ಎದ್ದು ಹೆಲ್ಮೆಟ್ ಬಿಗಿಯುತ್ತಿದ್ದರು. ಹಿಂದಿದ್ದವಳು ಬಂದಳಲ್ಲ, ಇನ್ನು ಹೊರಡಬಹುದು. ಎಲ್ಲರಿಗಿಂತ ಹೆಚ್ಚು ದಣಿದವಳಿಗೆ ಕೂರಲು ಹೊತ್ತೇ ಇಲ್ಲ. ಎರಡು ಬೇಸಿಗೆಯಲ್ಲಿ ನಾನು ಆ ಬೆಂಚಿನ ಮೇಲೆ ಒಮ್ಮೆಯೂ ಕೂತಿಲ್ಲ. ಬಾಟಲಿಯ ನೀರನ್ನು ಬಾಯಿಗಿಂತ ಹೆಚ್ಚು ಕುತ್ತಿಗೆಗೆ ಸುರಿದುಕೊಂಡು ಅವರ ಬೆನ್ನು ಹಿಡಿದು ಹೋಗುತ್ತಿದ್ದೆ.

ಹೊರಡುವ ಆ ಗಡಿಬಿಡಿಯಲ್ಲಿ ಆರ್ಲಿಸ್ ಕೆಲವರಿಗೆ ಪೈ ತುಂಡುಗಳನ್ನು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದಳು. ಅವರು ಬೆನ್ನ ಜೇಬಿಗೆ ತುರುಕಿಕೊಳ್ಳುತ್ತಿದ್ದರು. ನನಗೆ ಯಾರೂ ಕೊಡಲಿಲ್ಲ. ದಪ್ಪಗಿರುವವಳಿಗೆ ಪೈ ಕೊಟ್ಟರೆ ಏನೆಂದುಕೊಳ್ಳುತ್ತಾಳೋ ಎಂಬ ಸಂಕೋಚ ಇರಬೇಕು ಎಂದುಕೊಂಡು ಅವರ ಪರವಾಗಿ ನಾನೇ ಯೋಚಿಸಿ ಸುಮ್ಮನಾಗಿದ್ದೆ.

ಚಪ್ಪಾಳೆ ಮಾತ್ರ ನನಗೆ ಬೇಕಾಗಿತ್ತು. ಅದನ್ನು ಅಲ್ಲಗಳೆಯುವುದಿಲ್ಲ. ಗಾರ್ಡಿ ಶಾಲೆಯಲ್ಲಿ ನನಗೆ ವ್ಯಾಯಾಮದ ಮೇಷ್ಟ್ರಾಗಿದ್ದವನು. ಅಂದು ಓಟದಲ್ಲಿ ನಾನು ಕಡೆಯವಳಾಗಿ ಬಂದಾಗಲೂ ತರಗತಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ಚಪ್ಪಾಳೆ ತಟ್ಟಿಸುತ್ತಿದ್ದ. ಆಗ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸುತ್ತಿತ್ತು. ಈಗ ಹಾಗಿಲ್ಲ, ಇದು ಬೇರೆ, ಈಗ ನಾವೆಲ್ಲ ದೊಡ್ಡವರು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಬಂದ ದಿನಗಳಲ್ಲೂ ಅಷ್ಟೇ ಜೋರಾಗಿ ಚಪ್ಪಾಳೆ ಬೀಳುತ್ತಿತ್ತು. ಎಷ್ಟು ಒಳ್ಳೆಯ ಮನಸ್ಸು ಎಂದು ಡೇಲ್‌ಗೆ ಹೇಳಿದ್ದೆ.

ಅಂಗಿಯನ್ನು ಒಣಗಲು ಹಗ್ಗದ ಮೇಲೆ ಹಾಕಿ ಮೇಲೆ ಬಂದೆ. ಮಾರಿಟ್ ಹಿಂದೆಯೇ ಬಂದು ಅಡುಗೆಮನೆಯ ಮೇಜಿನ ಹತ್ತಿರ ಕೂತಳು. ಓಟ್ಸ್ ಗಂಜಿ ಕಲಕುತ್ತಾ ಬೆನ್ನು ಹಾಕಿಯೇ ಕೇಳಿದೆ.

"ನಂಜೊತೆ ಬರಕ್ಕೆ ಮುಜುಗರಾನಾ?"

"ಅಲ್ಲ!"

"ಆದ್ರೂ ಪರವಾಗಿಲ್ಲ ಪುಟ್ಟಿ. ನಿಜ ಹೇಳಿದ್ರೆ ಬೈಯಲ್ಲ."

"ಅಲ್ಲ ಅಂದ್ನಲ್ಲ." ಚಮಚವನ್ನು ಮೇಜಿನ ಮೇಲೆ ತಿರುಗಿಸುತ್ತಿದ್ದಳು. "ಅಮ್ಮಾ, ಅವ್ರು ಚಪ್ಪಾಳೆ ಹೊಡೀತಾರಲ್ಲ, ನಿಂಗೆ ಖುಷಿ ಆಗುತ್ತಾ?"

"ಆಗುತ್ತೆ. ಯಾಕಾಗಬಾರ್ದು?"

ಅವಳ ಮುಖ ಮುದುಡಿತು. ಒಲೆ ಆರಿಸಿ ಪಕ್ಕದಲ್ಲಿ ಕೂತೆ. ಅಳು ತಾನಾಗಿ ನಿಲ್ಲಲಿ ಎಂದು ಕಾದೆ. ಗಂಜಿ ಪಾತ್ರೆಯಲ್ಲೇ ಗಟ್ಟಿಯಾಯಿತು.

"ಆರ್ಲಿಸ್ ಹೇಳಬೇಡ ಅಂದಿದ್ದಾಳೆ," ಎಂದಳು ಕೊನೆಗೆ. "ಬರೀ ಆಟ ಅಂತೆ. ಯಾರಿಗೂ ನೋವಾಗಲ್ವಂತೆ."

"ಎಂಥ ಆಟ?"

"ನೀನು ಆ ತಿರುವಿಗೆ ಬರೋ ಮುಂಚೆ ಗಾರ್ಡಿ ಎಲ್ರನ್ನೂ ಕೇಳ್ತಾನೆ. ತುಳ್ಕೊಂಡೋ, ತಳ್ಕೊಂಡೋ, ಅಂತ."

ನನಗೆ ಒಮ್ಮೆಗೇ ತಿಳಿಯಲಿಲ್ಲ.

"ನೀನು ಪೆಡಲ್ ತುಳ್ಕೊಂಡು ಬರ್ತೀಯಾ, ಇಲ್ಲಾ ಇಳಿದು ತಳ್ಕೊಂಡು ಬರ್ತೀಯಾ ಅಂತ. ಒಬ್ಬೊಬ್ರೂ ಹೇಳಬೇಕು. ತಪ್ಪು ಹೇಳಿದೋರು ಪೈ ಕೊಡಿಸಬೇಕು, ಸರಿ ಹೇಳಿದೋರಿಗೆ ತುಂಡು. ನೀನು ಕಂಡ ತಕ್ಷಣ ಗೆದ್ದೋರು ಚಪ್ಪಾಳೆ ಹೊಡೀತಾರೆ. ಸೋತೋರೂ ಹೊಡೀತಾರೆ, ನಿಂಗೆ ಗೊತ್ತಾಗಬಾರ್ದು ಅಂತ."

ಅವಳ ಕೈಯಿಂದ ಚಮಚ ತೆಗೆದು ಪಕ್ಕಕ್ಕಿಟ್ಟೆ.

"ಪೆಗ್ ಕೂಡಾನಾ?"

"ಪೆಗ್ ಯಾವಾಗ್ಲೂ ತಳ್ಕೊಂಡು ಅಂತಾಳೆ. ಅದಕ್ಕೇ ಅವಳಿಗೆ ಜಾಸ್ತಿ ಸಲ ಪೈ ಸಿಗುತ್ತೆ."

ಪೆಗ್‌ಗೆ ನನ್ನ ಮೊಣಕಾಲು ನೋವಿನ ಸಂಗತಿ ಚೆನ್ನಾಗಿ ಗೊತ್ತು. ಶುಕ್ರವಾರ ದೊಡ್ಡ ಹಂಡೆಗಳನ್ನು ತಿಕ್ಕುವಾಗ "ಇವತ್ತು ಕಾಲು ಹೇಗಿದೆಯೇ?" ಎಂದು ತಪ್ಪದೇ ಕೇಳುತ್ತಿದ್ದಳು. ಇಡೀ ಅಡುಗೆಮನೆಯಲ್ಲಿ ನನ್ನ ಕಾಲನ್ನು ವಿಚಾರಿಸುವವಳು ಇವಳೊಬ್ಬಳೇ ಎಂದು ನಾನೂ ಎಲ್ಲವನ್ನೂ ಹೇಳುತ್ತಿದ್ದೆ.

"ನಾನು ಯಾವಾಗ್ಲೂ ತುಳ್ಕೊಂಡು ಅಂತಾನೇ ಹೇಳ್ತಿದ್ದೆ ಅಮ್ಮಾ," ಎಂದಳು ಮಾರಿಟ್. "ಎಷ್ಟೋ ಸಲ ಸೋತೆ. ಆವತ್ತು ತುಂಬಾ ಸೆಕೆ ಇತ್ತಲ್ಲ, ನೀನು ಎಷ್ಟು ಹೊತ್ತಾದ್ರೂ ಬರಲೇ ಇಲ್ಲ. ಗಾರ್ಡಿ, 'ಏನ್ ಪುಟ್ಟಿ, ಇವತ್ತಾದ್ರೂ ಪೈ ತಿಂತೀಯೋ ಇಲ್ವೋ?' ಅಂದ. ಎಲ್ರೂ ನಕ್ಕರು. ನಾನು… ನಾನು ತಳ್ಕೊಂಡು ಅಂದುಬಿಟ್ಟೆ."

"ಹೂಂ."

"ಆಮೇಲೆ ನೀನು ತಳ್ಕೊಂಡೇ ಬಂದೆ. ನಾನು ಹಾಗಂದಿದ್ದಕ್ಕೇ ಬಂದೆ."

"ಇಲ್ಲ ಮಗಳೇ. ಮೊಣಕಾಲು ನೋಯ್ತಿತ್ತು, ಇಳಿದೆ. ನೀನು ಏನಂದ್ರೂ ಇಳೀತಿದ್ದೆ."

"ಗಾರ್ಡಿ ನನ್ನ ಕೈ ಎತ್ತಿ ಹಿಡಿದು, 'ಅಮ್ಮನ್ನ ಚೆನ್ನಾಗಿ ಬಲ್ಲ ಮಗಳು' ಅಂದ. ದೊಡ್ಡ ತುಂಡು ಕೊಟ್ರು."

ಆ ತುಂಡು ನನಗೆ ನೆನಪಿದೆ. ಅವತ್ತು ಮನೆಗೆ ಬರುವಾಗ ಕಾರಿನಲ್ಲಿ ಅವಳು ಕಾಗದದ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅರ್ಧ ಹಾಗೇ ಉಳಿದಿತ್ತು. "ನಿಂಗಮ್ಮಾ" ಎಂದು ಕೊಟ್ಟಳು. ಹಸಿದಿದ್ದೆ. ಎರಡೇ ಬಾಯಿಗೆ ತಿಂದು, ಕಾಗದಕ್ಕೆ ಅಂಟಿದ್ದ ದಾಲ್ಚಿನ್ನಿಯನ್ನೂ ನೆಕ್ಕಿದ್ದೆ. ಎಷ್ಟು ಚೆನ್ನಾಗಿದೆ, ಯಾರು ಕೊಡಿಸಿದ್ದು ಎಂದೂ ಕೇಳಿದ್ದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡಿದ್ದಳು.

ಎದ್ದು ಗಂಜಿಗೆ ಇನ್ನಷ್ಟು ಹಾಲು ಹಾಕಿ ಮತ್ತೆ ಒಲೆ ಹಚ್ಚಿದೆ. ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ಹೊಟ್ಟೆಯಲ್ಲಿ ಆ ಪೈ ಇನ್ನೂ ಇದೆಯೇನೋ ಅನ್ನಿಸುತ್ತಿತ್ತು. ಎರಡು ಬೇಸಿಗೆಯ ಚಪ್ಪಾಳೆಗಳನ್ನೆಲ್ಲ ಮನಸ್ಸಿನಲ್ಲೇ ಒಂದೊಂದಾಗಿ ಹಿಂದಕ್ಕೆ ಕೊಡುತ್ತಾ ಬಂದೆ. ಮಳೆಯಲ್ಲಿ ನೆನೆದು ಹತ್ತಿದ ದಿನದ್ದು. ಕೆಳಗಿಳಿಯದೆ ಮೊದಲ ಬಾರಿ ಪೂರ್ತಿ ತುಳಿದು ಮೇಲೆ ಬಂದ ದಿನದ್ದು. ಅಂದು ಖುಷಿಗೆ ನನ್ನ ಕಣ್ಣಲ್ಲಿ ನೀರು ಬಂದಿತ್ತು, ಗಾರ್ಡಿ ಮುಖ ಸಿಂಡರಿಸಿಕೊಂಡು ಪರ್ಸು ತೆಗೆಯುತ್ತಿದ್ದ. ಅವನಿಗೂ ಕಣ್ಣು ತುಂಬಿದೆ, ಕರವಸ್ತ್ರ ಹುಡುಕುತ್ತಿದ್ದಾನೆ ಎಂದು ತಿಳಿದಿದ್ದೆ.

"ಅಮ್ಮಾ, ನೀನು ಅವ್ರನ್ನ ಕೇಳ್ತೀಯಾ?"

"ಇಲ್ಲ."

"ಯಾಕೆ?"

"ಕೇಳಿದ್ರೆ ನಗ್ತಾರೆ. ಬರೀ ತಮಾಷೆಗಪ್ಪಾ ಅಂತಾರೆ. ಆಮೇಲೆ ತಮಾಷೆ ಅರ್ಥ ಆಗದೋಳು ಅಂತ ನಂಗೇ ಹೆಸರು."

"ಹಾಗಾದ್ರೆ ಇನ್ಮೇಲೆ ಹೋಗಬೇಡ."

ಹೋಗದೆ ಇರುವುದು ಸುಲಭ. ಸೋಮವಾರ ಅಡುಗೆಮನೆಯಲ್ಲಿ ಪೆಗ್, "ಯಾಕೆ ಬರಲಿಲ್ಲ? ಕಾಲು ಹೆಚ್ಚಾಯ್ತಾ?" ಎನ್ನುತ್ತಾಳೆ. ನಾನು ಹೌದು ಎನ್ನುತ್ತೇನೆ. ಚಳಿಗಾಲ ಬರುತ್ತದೆ. ಅಷ್ಟರಲ್ಲಿ ಅವರಿಗೂ ನನ್ನ ನೆನಪು ಹೋಗಿರುತ್ತದೆ. ಆದರೆ ಮಾರಿಟ್ ಮಾತ್ರ, ಅಮ್ಮ ಸೈಕಲ್ ಬಿಟ್ಟದ್ದು ನಾನು ಬಾಯಿಬಿಟ್ಟಿದ್ದರಿಂದ ಎಂದುಕೊಂಡೇ ಬೆಳೆಯುತ್ತಾಳೆ. ಅದು ನನಗೆ ಬೇಡವಾಗಿತ್ತು. ಚಪ್ಪಾಳೆ ಹೋದರೆ ಹೋಯಿತು. ಗುಡ್ಡದ ಮೇಲೆ ನನ್ನ ಪಕ್ಕದಲ್ಲಿ ಬರುತ್ತೇನೆಂದ ಮಗುವನ್ನು ಬಿಟ್ಟುಕೊಡಲಾರೆ.

"ಹೋಗೋಣ," ಎಂದೆ. "ಇಬ್ರೂ. ನೀನು ಯಾರ ಹತ್ರಾನೂ ಏನೂ ಅನ್ನಬೇಡ. ಹೋಗೋಣ, ಹತ್ತೋಣ, ಬರೋಣ. ಆಯ್ತಾ?"

ಅವಳು ನನ್ನನ್ನೇ ನೋಡಿದಳು. ಆ ನೋಟದಲ್ಲಿ ನಾಚಿಕೆ ಇತ್ತು. ನನ್ನ ಗಾತ್ರದ ಬಗ್ಗೆ ಅಲ್ಲ. ಬೆಳಿಗ್ಗೆಯಿಂದ ಹುಡುಕುತ್ತಿದ್ದ ನಾಚಿಕೆ ಈಗ ನಿಜವಾಗಿ ಕಾಣಿಸಿತು, ನಾನು ಸುಮ್ಮನಿರೋಣ ಎಂದಾಗ. ಗಂಜಿ ತಿಂದು ಮುಗಿಸಿ ಕೊಟ್ಟಿಗೆಗೆ ಹೋದಳು. ಹುಲ್ಲಿನ ಯಂತ್ರವನ್ನು ಸರಿಸುವ ಸದ್ದು ಕೇಳಿತು.

ಅಂಗಿ ಪೂರ್ತಿ ಒಣಗಿರಲಿಲ್ಲ. ಹಸಿಯನ್ನೇ ತೊಟ್ಟುಕೊಂಡೆ.

ಮೇವಿನ ಗಿರಣಿಯ ಹಿಂದಿನ ಬಯಲಿನಲ್ಲಿ ಎಲ್ಲರೂ ಸೇರಿದ್ದರು. ನಮ್ಮನ್ನು ಕಂಡ ಕೂಡಲೇ ಗಾರ್ಡಿ ಕೈ ಅಗಲಿಸಿದ.

"ನೋಡ್ರಪ್ಪಾ, ಗ್ರೆಚೆನ್ ಇವತ್ತು ಅಂಗರಕ್ಷಕರ ಜೊತೆ ಬಂದಿದ್ದಾಳೆ! ಏನ್ ಪುಟ್ಟಿ, ಬ್ರೇಕು ಸರಿಯಾಗಿ ಹಿಡಿಯುತ್ತಾ? ಗುಡ್ಡದಲ್ಲಿ ನಿಮ್ಮಮ್ಮನ ಹಿಂದೆ ಇರಬೇಡ. ಅವಳೇನಾದ್ರೂ ಹಿಂದಕ್ಕೆ ಜಾರಿದ್ರೆ ನೀನು ಲಟ್ಟಿಸಿದ ಪೈ ಹಿಟ್ಟಿನ ಥರ ಆಗ್ತೀಯ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಭ್ಯಾಸ. ಮಾರಿಟ್ ನಗಲಿಲ್ಲ. ಹೆಲ್ಮೆಟ್ಟಿನ ಪಟ್ಟಿಯನ್ನು ಗಲ್ಲದ ಕೆಳಗೆ ಸಿಕ್ಕಿಸಲು ಒದ್ದಾಡುತ್ತಿದ್ದಳು.

ಪೆಗ್ ಹತ್ತಿರ ಬಂದು ನನ್ನ ಭುಜ ಹಿಸುಕಿದಳು. "ಕಾಲು ಹೇಗಿದೆಯೇ?"

"ಚೆನ್ನಾಗಿದೆ," ಎಂದೆ. "ನೋವೇ ಇಲ್ಲ."

ಅವಳ ಹುಬ್ಬು ಸ್ವಲ್ಪ ಗಂಟಾಯಿತು. ಹಿಂದೆ ಆಗಿದ್ದರೆ ಅದನ್ನು ಕಾಳಜಿ ಎನ್ನುತ್ತಿದ್ದೆ.

ಜೋಳದ ಹೊಲಗಳ ನಡುವಿನ ಸಪಾಟು ದಾರಿಯಲ್ಲಿ ಮಾರಿಟ್ ನನ್ನ ಪಕ್ಕದಲ್ಲೇ ಬಂದಳು. ಜೋಳ ಒಣಗಿ ಗರಗರ ಎನ್ನುತ್ತಿತ್ತು. ಉಳಿದವರು ಮುಂದೆ ಚಿಕ್ಕದಾಗುತ್ತಾ ಹೋದರು. ನಾನು ಒಂದೆರಡು ಸಲ, ಗೇರ್ ಇಳಿಸು, ಈಗ ಏರಿಸು ಎಂದೆ. ಅವಳು ಹೇಳಿದಂತೆ ಮಾಡಿದಳು, ಬೇರೆ ಮಾತಿಲ್ಲ. ನನ್ನ ಹಿಂದಿನ ಗಾಲಿಯ ದಪ್ಪ ಸದ್ದೂ ಅವಳ ಸಣ್ಣ ಗಾಲಿಯ ಸದ್ದೂ ಒಂದಕ್ಕೊಂದು ಹೊಂದುತ್ತಿರಲಿಲ್ಲ, ಆದರೂ ಜೊತೆಗಿದ್ದವು. ಇಷ್ಟೇ ಸಾಕು, ಹೀಗೇ ಮೇಲಿನವರೆಗೆ ಹೋದರೆ ಸಾಕು ಎಂದುಕೊಂಡೆ. ಮೇಲೆ ಹೋದಾಗ ಅವರು ಚಪ್ಪಾಳೆ ತಟ್ಟಲಿ. ನಾನು ಕೈ ಬೀಸುತ್ತೇನೆ. ಒಂದು ಬೆಳಗಿನ ಮಟ್ಟಿಗೆ ಇನ್ನೊಂದು ಸಲ ಏನೂ ಗೊತ್ತಿಲ್ಲದವಳಾಗುತ್ತೇನೆ. ಅದು ನನಗೆ ಬರುವ ವಿದ್ಯೆ.

ಗುಡ್ಡದ ಬುಡದಲ್ಲಿ, ಮುಚ್ಚಿಹೋದ ಬೆಣ್ಣೆ ಕಾರ್ಖಾನೆಯ ಮುಂದೆ ಎಲ್ಲರೂ ನಿಂತು ಕಾಯುತ್ತಿದ್ದರು. ಅಲ್ಲಿ ಜಾಕೆಟ್ ಬಿಚ್ಚಿ ಆರ್ಲಿಸ್‌ಳ ಪಿಕಪ್ಪಿಗೆ ಹಾಕುವುದು ರೂಢಿ. ನಾವು ತಲುಪಿದೆವು. ಒಂದು ಕಾಲು ನೆಲಕ್ಕೂರಿ ನಿಂತೆ, ಮಾರಿಟ್ ನನ್ನ ಎಡಕ್ಕೆ. ಗಾರ್ಡಿ ಪ್ರತಿವಾರದ ಭಾಷಣ ಶುರುಮಾಡಿದ.

"ಎಲ್ರೂ ಕೇಳಿ. ವರ್ಷದ ಕೊನೇ ಗುಡ್ಡ. ಅವರವರ ದಮ್ಮಿಗೆ ತಕ್ಕಂತೆ ಹತ್ತಿ, ಮೇಲೆ ಕಾಯ್ತೀವಿ. ನಮ್ಮಲ್ಲಿ ಯಾರನ್ನೂ ಹಿಂದೆ ಬಿಡಲ್ಲ. ಏನ್ ಗ್ರೆಚೆನ್, ಸರಿ ತಾನೇ ಹುಡುಗಿ?"

"ಸರಿ ಗಾರ್ಡಿ," ಎಂದೆ.

"ಯಾರಿಗಾದ್ರೂ ಏನಾದ್ರೂ ಕೇಳೋದಿದ್ಯಾ?"

ಯಾರೂ ಎಂದೂ ಏನೂ ಕೇಳುವುದಿಲ್ಲ. ಹಾಗೆ ಕೇಳಿ ಅವನು ಹೆಲ್ಮೆಟ್ ತಟ್ಟಿಕೊಂಡು ಹೊರಡುವುದೇ ಪದ್ಧತಿ. ಕೈ ಹೆಲ್ಮೆಟ್ಟಿಗೆ ಹೋಗಿಯೂ ಆಗಿತ್ತು. ನನ್ನ ಎಡಗಡೆ ಮಾರಿಟ್ ಶಾಲೆಯಲ್ಲಿ ಎತ್ತುವ ಹಾಗೆ ಕೈ ಎತ್ತಿದಳು. ಅವಳ ತೋಳು ಹಿಡಿಯಲು ನಾನು ಕೈ ಚಾಚಿದೆ, ಸೈಕಲ್ ವಾಲಿತು, ಸಿಗಲಿಲ್ಲ.

"ಹೇಳು ಪುಟ್ಟಿ," ಎಂದ ಗಾರ್ಡಿ, ನಗುತ್ತಾ.

ಆರ್ಲಿಸ್ ಪಿಕಪ್ಪಿನ ಬಾಗಿಲನ್ನು ಅರ್ಧ ಮುಚ್ಚಿ ನಿಂತಳು. ಪೆಗ್ ತನ್ನ ಕೈಗವಸನ್ನು ನೋಡತೊಡಗಿದಳು. ಮಾರಿಟ್‌ಳ ದನಿ ನಡುಗುತ್ತಿತ್ತು, ಆದರೆ ಹಿಂದಿನ ಸಾಲಿಗೂ ಕೇಳುವಷ್ಟು ಗಟ್ಟಿಯಾಗಿತ್ತು.

"ಇವತ್ತು ಮೇಲೆ ಯಾಕೆ, ಇಲ್ಲೇ ಹೇಳಿಬಿಡಿ ಗಾರ್ಡಿ. ನಮ್ಮಮ್ಮ ತುಳ್ಕೊಂಡು ಬರ್ತಾಳಾ, ತಳ್ಕೊಂಡು ಬರ್ತಾಳಾ?"